ಅಕ್ಕ ಬಿಟ್ಟ ಮುದ್ದೆ

ಹಬೆಯಾಡುವ ರಾಗಿ ಹಿಟ್ಟನ್ನು ಬರಿಗೈಯಲ್ಲೇ ಉರುಳಿಸಿ ಉರುಳಿಸಿ ಅವಳ ಅಂಗೈ ಜಡ್ಡುಗಟ್ಟಿತ್ತು. ನನ್ನ ವಾರಗಿತ್ತಿ, ಭಾವನ ಹೆಂಡತಿ; ನಾನು ಅಕ್ಕ ಎನ್ನುತ್ತಿದ್ದೆ. ದಿಬ್ಬೂರಹಳ್ಳಿಯ ಮನೆಯಲ್ಲಿ ಎಲ್ಲರ ತಟ್ಟೆಗೂ ಮುದ್ದೆ ಇಟ್ಟು, ಸೊಪ್ಪು ಬೇಯಿಸಿದ ನೀರಿನಲ್ಲಿ ಮಾಡಿದ ಬಸ್ಸಾರು ಬಡಿಸಿ, ಕೊನೆಗೆ ತಾನು ಮಾತ್ರ ಬಿಳಿ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಕೂರುತ್ತಿದ್ದಳು.

ಕಾರಣ ನಾನು. ಮದುವೆಯಾಗಿ ಬಹಳ ಕಾಲ ನನ್ನ ಮಡಿಲು ತುಂಬಲಿಲ್ಲ. ಅಕ್ಕ ನನ್ನನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋದಳು. ನಾಗರಕಲ್ಲುಗಳ ಮುಂದೆ ನಿಂತು, ರಾಗಿ ಮತ್ತು ಸೊಪ್ಪನ್ನು ಜೀವ ಇರುವವರೆಗೆ ಬಿಟ್ಟೆ ಎಂದು ಕೈಮುಗಿದಳು. ಅವೆರಡೂ ಅವಳಿಗೆ ಪ್ರಾಣ. ಬೇಡದ್ದನ್ನು ಬಿಟ್ಟರೆ ಅದೆಂಥ ಹರಕೆ ಎಂಬುದು ಅವಳ ವಾದ. ನನಗೆ ಮಗಳು ಹುಟ್ಟಿದಳು. ಬಾಣಂತನದಲ್ಲಿ ನನಗೆ ಸೊಪ್ಪು ತಿನ್ನಿಸಿದವಳೂ ಅವಳೇ. ಬಸ್ಸಾರಿನ ಹಬೆಗೆ ಮೂಗೊಡ್ಡಿ, "ವಾಸನೆಗೆ ಹರಕೆ ಇಲ್ಲ ಕಣೇ" ಎಂದು ನಗುತ್ತಿದ್ದಳು.

ಮಗಳು ದೊಡ್ಡವಳಾದ ಮೇಲೆ ಒಂದು ದಿನ ಅಕ್ಕ ರೇಷ್ಮೆ ಹುಳುವಿನ ಮನೆಯಲ್ಲಿ ಹಿಪ್ಪುನೇರಳೆ ಎಲೆಯ ಬುಟ್ಟಿ ಎತ್ತಲು ಬಗ್ಗಿದಳು. ಬೆನ್ನುಮೂಳೆ ಮುರಿಯಿತು. ಬಿದ್ದಿರಲೂ ಇಲ್ಲ. ಶಿಡ್ಲಘಟ್ಟದ ಡಾಕ್ಟರು ಅವಳ ಊಟ ತಿಂಡಿಯನ್ನೆಲ್ಲ ಕೇಳಿದರು. ವಯಸ್ಸೂ ಒಂದು ಕಾರಣವಮ್ಮ, ಆದರೆ ಕ್ಯಾಲ್ಸಿಯಂ ಮಾತ್ರೆ ಒಂದೇ ಸಾಲದು, ಮೆಗ್ನೀಸಿಯಂ ಕಡಿಮೆಯಾದರೆ ಅದು ಮೂಳೆಗೆ ಸರಿಯಾಗಿ ಸೇರುವುದಿಲ್ಲ, ರಾಗಿ, ಸೊಪ್ಪು, ಕಾಳು ತಿನ್ನಲಿ ಎಂದರು. ಕಾಳು ಅವಳಿಗೆ ಅರಗದು. ಮೆಗ್ನೀಸಿಯಂ ಮಾತ್ರೆ ಕೊಟ್ಟರೆ ಹೊಟ್ಟೆ ಕೆಡುತ್ತಿತ್ತು. ಉಳಿದದ್ದು ಬಿಟ್ಟದ್ದೇ.

ಮುದ್ದೆಯ ತಟ್ಟೆ ಹಿಡಿದು ಅವಳ ಕಾಲು ಮುಟ್ಟಿದೆ. ತಪ್ಪುಕಾಣಿಕೆ ಹಾಕಿ ತಿನ್ನಬಹುದೆಂದು ಪೂಜಾರಿಗಳೇ ಹೇಳಿದ್ದಾರೆ ಎಂದೆ.

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೇ? ನಾನು ಕೇಳಿದ್ರೆ ಆಯಪ್ಪನೂ ಕೇಳಲ್ವಾ?" ಎಂದವಳು ಬಾಗಿಲಲ್ಲಿ ನಿಂತಿದ್ದ ನನ್ನ ಮಗಳ ಕಡೆ ನೋಡಿದಳು.

ಹೆತ್ತವಳು ನಾನು, ಏನು ಹೇಳಲಿ? ಮಗಳೇ ಬಂದು ತುತ್ತು ಮುರಿದು ಹಿಡಿದಳು. ಅಕ್ಕ ಮುಖ ತಿರುಗಿಸಿ, "ನನ್ನ ಪಾಲಿನ ಮುದ್ದೆ ನೀನೇ ಕಣಮ್ಮ, ಹೋಗು" ಎಂದಳು. ತಟ್ಟೆ ಹಾಗೇ ಒಳಗೆ ಹೋಯಿತು.

ಆಮೇಲೆ ಸೊಂಟದ ಮೂಳೆ. ಮತ್ತೆ ಏಳಲಿಲ್ಲ. ಬೆನ್ನು ಹುಣ್ಣಾಗಲಿಲ್ಲ, ಕೊನೆಯವರೆಗೂ ನಮ್ಮನ್ನು ಗುರುತು ಹಿಡಿದಳು, ಹೋಗುವಾಗ ಅವಳ ತಲೆ ನನ್ನ ಮಗಳ ತೊಡೆಯ ಮೇಲಿತ್ತು. ದೇವರು ಇಷ್ಟು ನಡೆಸಿಕೊಟ್ಟ ಎಂದು ದೀಪ ಹಚ್ಚುವಾಗ ನೆನೆಯುತ್ತೇನೆ. ಮನಸ್ಸು ಒಪ್ಪುವುದಿಲ್ಲ.

ತಿಥಿಯ ದಿನ, ಹೋದವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಮುದ್ದೆಯನ್ನು ನಾನೇ ಉರುಳಿಸಿದೆ, ಅಂಗೈ ಸುಟ್ಟಿತು. ಬಾಳೆ ಎಲೆಯ ಮೇಲೆ ಮುದ್ದೆ ಇಟ್ಟು ಬಸ್ಸಾರು ಬಿಟ್ಟೆ. ಜೀವ ಇರುವವರೆಗೆ ಎಂದಿದ್ದಳಲ್ಲ, ಹರಕೆ ಮುಗಿದಿತ್ತು. ಹಬೆ ಏಳುತ್ತಿತ್ತು. ಅದು ಆರುವವರೆಗೂ ಎಲೆಯ ಮುಂದೆ ಕೂತಿದ್ದೆ.