ಮ್ಯಾಗಜಿನ್ ಮೂಲೆಯ ಕುಂಕುಮ

ಮನೆಯ ಮೀಟ್‌ಫೆರ್‌ಟ್ರಾಗ್, ಅದೇ ಬಾಡಿಗೆ ಕರಾರುಪತ್ರ, ಹುಡುಕುತ್ತ ಡ್ರಾಯರ್ ಎಳೆದಾಗ ಒಂದು ಕಾಡತೂಸು ಉರುಳಿಕೊಂಡು ಮುಂದೆ ಬಂತು. ಗಾಬರಿ ಬೇಡ, ಮದ್ದಿಲ್ಲದ್ದು. ಸುಳ್ಳು ಕಾಡತೂಸೆಂದು ಮುಟ್ಟಿದವರಿಗೆ ತಿಳಿಯಲಿ ಅಂತ ಹಿತ್ತಾಳೆಯ ಪಕ್ಕಕ್ಕೆ ತೂತು ಕೊರೆದಿದೆ. ಮೂಸಿ ನೋಡಿದೆ. ಬಂದೂಕಿನ ಎಣ್ಣೆಯ ವಾಸನೆ ಇನ್ನೂ ಇತ್ತು... ಅದರ ಹಿಂದೆಯೇ ಮೇಷ್ಟ್ರು ನೆನಪಾದರು.

ಅವರು ನನಗೆ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು, ನಾನು ಹುಟ್ಟುವ ಮೊದಲೇ ಜರ್ಮನಿಯ ಆಖೆನ್‌ಗೆ ಬಂದು, ಇಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಮೈಸೂರಿನಿಂದ ಮೆಕ್ಯಾನಿಕಲ್ ಮಾಸ್ಟರ್ಸ್ ಓದಲು ಬಂದ ನಾನು ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಊರಿನ ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ದು ಗುರಿ ಹಿಡಿಯುವುದನ್ನು ಕಲಿಸಿದವರೂ ಅವರೇ. ಅಂದಿನಿಂದ ನನಗೆ ಮೇಷ್ಟ್ರು. ಕೆಲಸ ಮುಗಿದ ಮೇಲೆ ಕಬ್ಬಿಣ ಉಜ್ಜುವ ಒಂದು ಅರವನ್ನೂ ಒರೆಸದೆ ಎತ್ತಿಡುತ್ತಿರಲಿಲ್ಲ. ಒರೆಸದವರನ್ನು ಸುಮ್ಮನೆ ಬಿಡುತ್ತಲೂ ಇರಲಿಲ್ಲ.

ಅವರ ಬೋಲ್ಟ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಅಗುಳಿ ಎಳೆದು ನೂಕಬೇಕಾದದ್ದು, ಹಳೆಯದು. ಕಾಡತೂಸು ಕೂರುವ ಜಾಗದ ಮುಂದೆಯೇ ನಳಿಗೆ ಒಳಗೆ ಸವೆದಿತ್ತು. ಪರವಾನಗಿ ಪಡೆದು ತಮ್ಮ ಕಾಡತೂಸುಗಳನ್ನು ಅವರೇ ತುಂಬಿಕೊಳ್ಳುತ್ತಿದ್ದರು. ಗುಂಡನ್ನು ಹಿತ್ತಾಳೆಯ ಕೊಳವೆಯಿಂದ ತುಸು ಹೊರಗೆ ಬಿಟ್ಟು ಕೂರಿಸಿದರೆ ಅದು ಮೊದಲಿನಂತೆ ಗುರಿಗೆ ಬೀಳುತ್ತದೆಂದು ಕಂಡುಕೊಂಡಿದ್ದರು. ಆದರೆ ಹಾಗೆ ಉದ್ದವಾದ ಕಾಡತೂಸು, ಎಡಬಲ ಎರಡು ಸಾಲಾಗಿ ತುಂಬಿ ರೈಫಲ್ಲಿಗೆ ಸಿಕ್ಕಿಸುವ ಡಬ್ಬಿಯಲ್ಲಿ, ಅದೇ ಮ್ಯಾಗಜಿನ್‌ನಲ್ಲಿ, ಸಿಕ್ಕಿಕೊಳ್ಳುತ್ತಿತ್ತು. ಕ್ಲಬ್ಬಿನ ಶರತ್ಕಾಲದ ಸ್ಪರ್ಧೆಯಲ್ಲಿ ಐದು ಗುಂಡೂ ಮ್ಯಾಗಜಿನ್‌ನಿಂದಲೇ, ಗಡಿಯಾರ ಓಡುತ್ತಿರುವಾಗಲೇ ಹಾರಬೇಕು. ಅಧ್ಯಕ್ಷರು ಬೆನ್ನು ತಟ್ಟಿ, "ಈ ಸಲ ತಂಡ ಬೇಡ, ತೀರ್ಪುಗಾರರ ಪಕ್ಕದಲ್ಲಿ ಕುರ್ಚಿ ಹಾಕಿಸುತ್ತೇವೆ" ಎಂದಿದ್ದರು. ಮೇಷ್ಟ್ರಿಗೆ ಆ ಕುರ್ಚಿ ಬೇಕಿರಲಿಲ್ಲ.

ನಾನು ಇಂಜಿನಿಯರ್ ಅಲ್ಲವೇ! ವರ್ನಿಯರ್ ಹಿಡಿದು ಅಳೆದೂ ಸುರಿದೂ, ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದು ತೀರ್ಪು ಕೊಟ್ಟೆ: ಮ್ಯಾಗಜಿನ್ ಗಿಡ್ಡ, ಮುಂದಿನ ಗೋಡೆ ಕತ್ತರಿಸಿ ಹೊಸದನ್ನು ಬೆಸೆಯಬೇಕು.

"ತಾಳಮ್ಮ, ಕತ್ತರಿಸೋದು ಸುಲಭ. ಎಲ್ಲಿ ತಾಗ್ತಿದೆ ಅಂತ ಮೊದಲು ಗೊತ್ತಾಗ್ಲಿ," ಎಂದರು. ಮೂರು ವಾರವಾದರೂ ಹಗ್ಗ ಹರಿಯಲಿಲ್ಲ, ಕೋಲು ಮುರಿಯಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ರೈಫಲ್ ಕಾನೂನಿನಂತೆ ಕಬ್ಬಿಣದ ಬೀರುವಿನೊಳಗೆ. ಮೇಜಿನ ಮೇಲೆ ಅರಗಳು, ವರ್ನಿಯರ್, ನನ್ನ ಲ್ಯಾಪ್‌ಟಾಪ್, ಬಿಚ್ಚಿಟ್ಟ ಮ್ಯಾಗಜಿನ್. ಎಣ್ಣೆಯಲ್ಲಿ ಕಲೆಸಿದ ಕುಂಕುಮ ನೀರಾಗಿತ್ತು. ನಾನೋ ಭಕ್ತಿಯ ಭರದಲ್ಲಿ ಮ್ಯಾಗಜಿನ್‌ಗೆ ಹೊರಗೂ ಒಳಗೂ ಮೆತ್ತಿಬಿಟ್ಟೆ.

"ಏನಮ್ಮಾ ಇದು! ಒಳಗೆಲ್ಲ ಬಳಿದಿದ್ದೀಯಲ್ಲ, ಒರೆಸೋರು ಯಾರು?"

ಬಯ್ಯುತ್ತಲೇ, ಅಭ್ಯಾಸಬಲದಿಂದ ಅಷ್ಟೇ ಉದ್ದದ ನಾಲ್ಕು ಸುಳ್ಳು ಕಾಡತೂಸು ತುಂಬಿ ಒಂದೊಂದಾಗಿ ಹೊರತೆಗೆದರು. ಬೈಗುಳ ಅರ್ಧಕ್ಕೇ ನಿಂತಿತು. ಎಡಸಾಲಿನ ಎರಡರ ಮೂತಿ ಕೆಂಪಾಗಿತ್ತು, ಬಲಸಾಲಿನವು ಶುಭ್ರ. ಹಿಂದೆ ಕಾರ್ಖಾನೆಯಲ್ಲಿ ಹೀಗೆಯೇ ನೀಲಿ ಬಣ್ಣ ಹಚ್ಚಿ ತಾಗುವ ಜಾಗ ಹುಡುಕುತ್ತಿದ್ದರಂತೆ. ಟಾರ್ಚ್ ಬಿಟ್ಟು ನೋಡಿದರೆ ಎಡಮೂಲೆಯಲ್ಲಿ ಹಳೆಯ ಬೆಸುಗೆಯದೊಂದು ಸಣ್ಣ ಉಬ್ಬು. ನನ್ನ ವರ್ನಿಯರ್ ಕೂಡ ಆ ಉಬ್ಬಿಗೇ ತಾಗಿ ಸುಳ್ಳು ಹೇಳಿತ್ತು. ಗೋಡೆ ಗೋಡೆಯಾಗಿಯೇ ಉಳಿಯಿತು. ಮೇಷ್ಟ್ರು ಉಬ್ಬನ್ನಷ್ಟೇ ಅರದಿಂದ ಸವರಿದರು. ನನ್ನ ಚಿತ್ರ ನಾನೇ ಅಳಿಸಿದೆ.

ಸ್ಪರ್ಧೆಯ ದಿನ ಅವರ ಕೈ ಬೋಲ್ಟ್ ಎಳೆದ, ನೂಕಿದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಐದೂ ಕಾಡತೂಸು ತಡೆಯಿಲ್ಲದೆ ಮೇಲೆ ಬಂದವು. ತಂಡಕ್ಕೆ ಎರಡನೆಯ ಸ್ಥಾನ. ಕೈ ಕುಲುಕಲು ಬಂದ ಅಧ್ಯಕ್ಷರೆದುರು ನನ್ನನ್ನು ಎಳೆದು ನಿಲ್ಲಿಸಿ, "ದೋಷ ಹಿಡಿದವಳು ಇವಳು" ಎಂದು ಜರ್ಮನ್‌ನಲ್ಲಿ ಹೇಳಿದರು. ನನಗೆ ನಾಚಿಕೆಯಾಯಿತು. ಆದರೆ ಅಂಥವರ ಶಿಷ್ಯೆ ನಾನೆಂದು ಎದೆ ಉಬ್ಬಿತು. ಪದವಿ ಕೈಗೆ ಬಂದಾಗಲೂ ಅಷ್ಟು ಹೆಮ್ಮೆಯಾಗಿರಲಿಲ್ಲ.

ಅದಾಗಿ ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಮೇಷ್ಟ್ರು ಹೋದರು... ರೈಫಲ್, ಪರವಾನಗಿಯಿದ್ದ ಕ್ಲಬ್ಬಿನವನೊಬ್ಬನ ಪಾಲಾಯಿತು. ನನಗೆ ಉಳಿದದ್ದು ಈ ತೂತಿನ ಕಾಡತೂಸು.

ಹೋದ ವಾರ ಆತ ಮ್ಯಾಗಜಿನ್‌ನ ಚಿತ್ರ ಕಳಿಸಿದ್ದ. ಎಡಮೂಲೆ ಕೆಂಪಾಗಿದೆ, ತುಕ್ಕಿರಬಹುದೇ, ಬ್ರಷ್ ಹಾಕಿ ಉಜ್ಜಲೇ ಎಂದು ಕೇಳಿದ್ದ. ಚಿತ್ರ ಹಿಗ್ಗಿಸಿ ನೋಡಿದೆ, ಸವರಿದ ಜಾಗದ ಸುತ್ತ ಅದೇ ಕುಂಕುಮ. ಅರವನ್ನೂ ಒರೆಸದೆ ಎತ್ತಿಡದ ಮನುಷ್ಯ, ಆ ಒಂದು ಮೂಲೆಯನ್ನು ಒರೆಸಿರಲಿಲ್ಲ.

'ತುಕ್ಕಲ್ಲ, ಹಾಗೇ ಇರಲಿ' ಎಂದು ಬರೆದು ಕಳಿಸಿದೆ.