ರೊಟ್ಟಿಗೆ ಮುಂಚಿನ ‘ಹಾ’

ಗಾಂಜಾ ಬಿಡಿಸಲೆಂದು ಹದಿನೇಳನೇ ವಯಸ್ಸಿನಲ್ಲಿ ನನ್ನನ್ನು ಆಸ್ಪತ್ರೆಗೆ ಸೇರಿಸಿದ್ದರು. ಚಟ ಬಿಟ್ಟು ಬಂದೆ. ಆದರೆ ಅವ್ವನ ಮೂಗಿಗೆ ಮಾತ್ರ ಡಿಸ್ಚಾರ್ಜ್ ಸಿಗಲಿಲ್ಲ. ಇಪ್ಪತ್ತು ತುಂಬಿ, ಮೀಸೆ ಬಂದು, ಹಂಪಿಯ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ ಮೇಲೂ ದಿನಾ ಸಂಜೆ ಮಲಪನಗುಡಿಯ ಮನೆಯ ಹೊಸ್ತಿಲಲ್ಲಿ ತಪಾಸಣೆ ತಪ್ಪುತ್ತಿರಲಿಲ್ಲ.

“ಹಾ ಅನ್ನಲೇ.”

ಬಾಯಿ ಮೂಸಿ, ಅಂಗಿಯ ಕಾಲರ್ ಮೂಸಿ, ಆಮೇಲೆಯೇ ರೊಟ್ಟಿ. ತುಸು ವಾಸನೆ ಬಂದರೂ ಕೆಲಸ ಬಿಡಿಸಿ ಮನೆಯಲ್ಲಿ ಕೂಡಿಸುತ್ತೇನೆ ಎಂಬುದು ಅವಳ ಕರಾರು. ಒಮ್ಮೆ ನೆಗಡಿಯಾಗಿ ಅವಳ ಮೂಗು ಕಟ್ಟಿತು. ಇವತ್ತು ರಜೆ ಎಂದುಕೊಂಡೆ. ಪಕ್ಕದ ಮನೆಯ ದೊಡ್ಡವ್ವನನ್ನು ಕರೆಸಿದಳು! ದೊಡ್ಡವ್ವನೋ, ನಶ್ಯ ಏರಿಸಿ ಏರಿಸಿ ಮೂಗು ಸತ್ತವಳು. “ಹುಡುಗ ಪಾಸಾಗ್ಯಾನವ್ವಾ” ಎಂದು ತೀರ್ಪು ಕೊಟ್ಟು ಇನ್ನೊಂದು ಚಿಟಿಕೆ ಏರಿಸಿದಳು.

ಒಂದು ದಿನ ಬಾಡಿಗೆಯ ಸೈಕಲ್ ವಾಪಸ್ ತರಲು ಗೆಸ್ಟ್ ಹೌಸಿಗೆ ಹೋದೆ. ಅಂಗಳದಲ್ಲಿ ಕೂತು ಚಿಲುಮೆ ಸೇದುತ್ತಿದ್ದ ವಿದೇಶಿಯರು ನನ್ನತ್ತಲೂ ಚಾಚಿದರು. ಕೈ ಮುಂದೆ ಹೋಗಲಿಲ್ಲ. ಕಾಲು ಹಿಂದೆ ಬರಲಿಲ್ಲ. ಆ ಹೊಗೆಯಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಸೈಕಲ್ ಏರಿ ಓಟ ಕಿತ್ತೆ.

ತಪ್ಪೇನೂ ಮಾಡಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ಸೈಕಲ್ ಅಂಗಡಿಗೆ ಮುಟ್ಟಿಸಿ, ಊರ ದಾರಿಯಲ್ಲಿ ಕಾಲುವೆಗಿಳಿದು ಅಂಗಿ ಒಗೆದೆ. ಪಕ್ಕದ ಹೊಲದ ಉಳ್ಳಾಗಡ್ಡಿ ಎರಡು ಕಿತ್ತು ಹಸಿಯಾಗಿಯೇ ಅಗಿದೆ. ಒದ್ದೆ ಅಂಗಿ, ಕೆಂಪು ಕಣ್ಣು, ಬಾಯಿ ತುಂಬ ಉಳ್ಳಾಗಡ್ಡಿ ವಾಸನೆ. ಇಷ್ಟು ಜಾಣ ಅಪರಾಧಿಯನ್ನು ಯಾವ ಪೊಲೀಸರೂ ಕಂಡಿರಲಿಕ್ಕಿಲ್ಲ.

ಅವ್ವ ಮೂಸಲೇ ಇಲ್ಲ. ಅವಳ ಮುಖ ಬಿಳಿಚಿಕೊಂಡಿತು.

“ಮತ್ತ ಸೇದಿದೇನಲೇ?”

“ಇಲ್ಲವ್ವಾ. ಸೇದೋರ ಹತ್ರ ನಿಂತಿದ್ದೆ.”

“ಆಸೆ ಆತೇನು?”

ಇಲ್ಲ ಎನ್ನಬಹುದಿತ್ತು. ಮೂರು ವರ್ಷ ಎಲ್ಲರಿಗೂ ಅದನ್ನೇ ಹೇಳಿದ್ದೆ.

“ಭಾಳ ಆತು.”

ಅವ್ವ ಒಳಗೆ ಹೋದಳು. ರೊಟ್ಟಿ ಹಾಕಿದಳು. ಕೆಲಸ ಹೋಯಿತು ಎಂದೇ ಹೆದರಿದೆ. ಬೆಳಿಗ್ಗೆ ನೋಡಿದರೆ ಬುತ್ತಿ ಕಟ್ಟಿಟ್ಟಿದ್ದಳು.

ಆ ಸಂಜೆ ಹೊಸ್ತಿಲಲ್ಲಿ ನಿಂತು ರೂಢಿಯಂತೆ ಬಾಯಿ ತೆರೆದೆ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.

“ಬಾಯಿ ಮುಚ್ಚಲೇ, ನೊಣ ಹೊಕ್ಕಾವು. ಕೈ ತೊಳಕಂಡು ಬಾ, ರೊಟ್ಟಿ ಆರ್ತಾವ.”

ಬಾಯಿ ಮುಚ್ಚಿದೆ. ಇನ್ನು ಮೇಲೆ ನನ್ನನ್ನು ನಾನೇ ಮೂಸಿಕೊಳ್ಳಬೇಕು ಎಂದು ಆಗ ಹೊಳೆಯಿತು. ಅವಳ ಮೂಗು ಬೇಕಿತ್ತು ಅನ್ನಿಸಿ ಅಳು ಬಂತು.