ಅಂಗೈಯಗಲ ಬಿಟ್ಟ ಪಾಲಿಶ್

ಭಾಗ್ಯನಗರದ ನೂರಸಾಬನ ಕೈ ಸೋಕಿದರೆ ಅಡುಗೆಮನೆಯ ಕಪಾಟಿಗೆ ಹೋದ ಜೀವ ಬರುತ್ತದೆ ಎಂಬ ಮಾತಿದೆ. ಕುಕ್ಕರಿನ ಹಬೆಗೆ ಸನ್‌ಮೈಕಾ ಎದ್ದಿರಲಿ, ಕಾದ ಹಂಚು ತಾಗಿ ಬಾಗಿಲು ಕರಕಲಾಗಿರಲಿ, ಸವಳು ನೀರು ಸಿಡಿದು ಬಿಳಿಚಿರಲಿ, ಅವನು ಮನೆಯವರನ್ನು ಬೈಯುತ್ತಲೇ ಉಜ್ಜುತ್ತಾನೆ. ಗೀರಿಗೆ ಮೇಣ ತುಂಬುತ್ತಾನೆ, ಬಣ್ಣ ಕೂಡಿಸುತ್ತಾನೆ, ಪಾಲಿಶ್ ಹಿಡಿಸುತ್ತಾನೆ. ಗಾಯ ಎಲ್ಲಿತ್ತೆಂದು ಆಮೇಲೆ ಮನೆಯವರೇ ಹುಡುಕಬೇಕು.

ಆದರೆ ಅವನಲ್ಲಿ ಒಂದು ಕಳ್ಳಬುದ್ಧಿಯಿದೆ. ಯಾವ ಮನೆಗೆ ಹೋದರೂ ಕೆಳಗಿನ ಬಾಗಿಲ ಮೂಲೆಯಲ್ಲಿ ಅಂಗೈಯಗಲ ಜಾಗಕ್ಕೆ ಕೊನೆಯ ಪಾಲಿಶ್ ಹಚ್ಚದೆ ಬಿಡುತ್ತಾನೆ. "ಅಷ್ಟ ಹಸಿ ಐತ್ರಿ. ಒಣಗಲಿ, ಎಂಟು ದಿನ ಬಿಟ್ಟು ಬಂದು ಕೈ ಆಡಿಸ್ತೀನಿ" ಅನ್ನುತ್ತಾನೆ. ಹಸಿಯೂ ಇಲ್ಲ, ಮಣ್ಣೂ ಇಲ್ಲ. ಎರಡನೇ ಸಲ ಹೋದಾಗ ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ಚಹಾ, ಒಗ್ಗರಣೆಯ ವಾಸನೆ, ಮನೆಮಂದಿಯ ಮಾತು ಅಷ್ಟು ಬೇಗ ಮುಗಿಯುವುದಿಲ್ಲ. ಮಕ್ಕಳಿಲ್ಲದ ಅವನ ಮನೆಯಲ್ಲಿ ಹೆಂಡತಿ ಫಾತಿಮಾಬೀ ತೀರಿಕೊಂಡ ಮೇಲೆ ಮಾತಾಡುವವರೇ ಇಲ್ಲ. ಮನುಷ್ಯನಿಗೆ ಮನುಷ್ಯರ ಸದ್ದು ಬೇಕು, ಅದಕ್ಕೆ ಯಾರು ಏನು ಮಾಡಲಾದೀತು?

ಈ ಸಲದ ಕೆಲಸ ಪಕ್ಕದ ಕೊಪ್ಪಳದಲ್ಲಿ, ಶಾಲೆಯ ಟೀಚರ್ ವಿಜಯಲಕ್ಷ್ಮಿಯ ಮನೆಯಲ್ಲಿ. ಅವಳ ಅತ್ತೆ ಮಾರೆವ್ವ ರೊಟ್ಟಿ ಬಡಿಯುತ್ತ ನೂರಸಾಬನನ್ನು ಕೆಣಕುತ್ತಿದ್ದಳು.

"ಏನೋ ಸಾಬಣ್ಣ, ಕಪಾಟಿನ ಮಾರಿ ತೊಳದಿ, ನಿನ್ನ ಗಡ್ಡಕ್ಕೂ ಒಂದು ಕೈ ಪಾಲಿಶ್ ಹಚ್ಚಕೋಬಾರದಾ?"

ನೂರಸಾಬ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಎಂದಿನಂತೆ ಮೂಲೆ ಬಿಟ್ಟು ಹೊರಡುವಾಗ ಮಾರೆವ್ವ, "ಮುಂದಿನ ಸಲ ಬಂದಾಗ ಬಿಸಿ ರೊಟ್ಟಿ ತಿಂದ ಹೋಗಬೇಕು ಮತ್ತ" ಎಂದಿದ್ದಳು. ಆ ವಾರವೆಲ್ಲ ಅವನಿಗೆ ಅದೇ ಗುಂಗು. ಹೋಗುವ ದಿನ ಗಡ್ಡಕ್ಕೆ ಮೆಹಂದಿ ಹಚ್ಚಿಕೊಂಡ, ಇಸ್ತ್ರಿ ಮಾಡಿದ ಅಂಗಿ ತೊಟ್ಟ.

ವಿಜಯಲಕ್ಷ್ಮಿ ಬಾಗಿಲಿಗೆ ಕೀಲಿ ಹಾಕುವ ಗಡಿಬಿಡಿಯಲ್ಲಿದ್ದಳು. "ಅಯ್ಯ ಚಾಚಾ, ಬಿಸಿಲಾಗ ನಿಮಗ ಮತ್ತ ತ್ರಾಸ ಯಾಕಂತ ನಾನ ಹಚ್ಚೀನ್ರಿ. ನೀವು ಬಿಟ್ಟುಹೋದ ಡಬ್ಬಿಯೊಳಗ ಪಾಲಿಶ್ ಉಳದಿತ್ತು. ಬರ್ರಿ, ಹೆಂಗಾಗೇತಿ ನೋಡ್ರಿ."

ಒಳಗೆ ಒಲೆ ಆರಿತ್ತು. ಮಾರೆವ್ವ ಮಗಳ ಮನೆಗೆಂದು ಯಲಬುರ್ಗಾಕ್ಕೆ ಹೋಗಿದ್ದಳು. ನೂರಸಾಬ ಮೊಣಕಾಲೂರಿ ಮೂಲೆ ನೋಡಿದ. ಪಾಲಿಶ್ ದಪ್ಪಗೆ ಇಳಿದು ಗೆರೆಗಟ್ಟಿತ್ತು. ಕೆಟ್ಟ ಕೆಲಸ. ಇದನ್ನು ತೆಗೆದು ಮತ್ತೆ ಹಚ್ಚಬೇಕು ಎಂದರೆ ಸಾಕು, ಇನ್ನೊಂದು ದಿನ ಬರಬಹುದು, ಅಷ್ಟೊತ್ತಿಗೆ ಮಾರೆವ್ವನೂ ಬಂದಿರುತ್ತಾಳೆ. ಮಾತು ತುದಿನಾಲಿಗೆಗೆ ಬಂತು. ತಲೆಯೆತ್ತಿದರೆ ವಿಜಯಲಕ್ಷ್ಮಿ ಪರೀಕ್ಷೆ ಬರೆದು ಬಂದ ಹುಡುಗಿಯಂತೆ ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಭಾಳ ಛಲೋ ಆಗೇತ್ರಿ ಅಕ್ಕಾರ" ಎಂದ. "ಇನ್ನ ನನ್ನ ಕೆಲಸ ಏನೂ ಇಲ್ರಿ."

ಮನೆಗೆ ಬಂದು ತನ್ನ ಅಡುಗೆಮನೆಯ ಕಪಾಟಿನ ಮುಂದೆ ಕುಳಿತ. ಫಾತಿಮಾಬೀಯ ಗಾಜಿನ ಬಳೆ ತಾಗಿ ತಾಗಿ ಅದರ ಹಿಡಿಕೆಯ ಕೆಳಗೆ ಗೀರುಗಳು ಬಿದ್ದಿದ್ದವು. "ಊರ ಮಂದಿ ಕಪಾಟೆಲ್ಲಾ ಉಜ್ಜತೀರಿ, ನಮ್ಮದು ಯಾವಾಗ?" ಎಂದು ಬದುಕಿರುವಷ್ಟು ದಿನವೂ ಕೇಳಿದ್ದಳು. ನಾಳೆ ನಾಳೆ ಎಂದು ತಳ್ಳುತ್ತ ಬಂದವನು, ಅವಳು ತೀರಿಕೊಂಡ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಗೆ ನೆಂಟರು ಬರುತ್ತಾರೆಂದು ಕುಳಿತು ಉಜ್ಜಿದ್ದ. ಅಂಗೈಯಗಲವೂ ಬಿಡದೆ ಅವನು ಮುಗಿಸಿದ ಕೊನೆಯ ಕೆಲಸ ಅದು.

ಈಗ ಹಿಡಿಕೆಯ ಕೆಳಗೆ ಬೆರಳಾಡಿಸಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಆಡಿಸಿದ. ಒಂದಾದರೂ ಗೀರು ಸಿಗಬಾರದೇ ಎಂದು ಉಗುರಿನಿಂದ ತಡವಿದ. ಎಲ್ಲೂ ಸಿಗಲಿಲ್ಲ. ಕೆಲಸ ಅಷ್ಟು ಚೆನ್ನಾಗಿ ಆಗಿತ್ತು.